ನಡೆಯಲು ಮರೆತ ಕಾರು

ಸುಳ್ಯದಿಂದ ಮರ್ಕಂಜಕ್ಕೆ ಹೋಗುವ ಮಣ್ಣಿನ ರಸ್ತೆಯಲ್ಲಿ ಆಗ ಒಂದು ಉದ್ದವಾದ ಏರು ಇತ್ತು. ಈಗ ಅದನ್ನು ಕಡಿದು ತಗ್ಗಿಸಿ ಡಾಂಬರು ಹಾಕಿದ್ದಾರೆ, ಕಾರಿನಲ್ಲಿ ಕೂತವರಿಗೆ ಏರು ಎಂದೇ ತಿಳಿಯುವುದಿಲ್ಲ. ಅರವತ್ತರ ದಶಕದ ಆರಂಭದಲ್ಲಿ ಮಾತ್ರ ಅದು ನಮ್ಮ ಕಾರಿನ ಪ್ರಾಣ ಹಿಂಡುತ್ತಿತ್ತು. ನಮ್ಮದು ಸೆಕೆಂಡ್ ಹ್ಯಾಂಡಿಗೆ ಬಂದ ಪುಟ್ಟ ಇಂಗ್ಲಿಷ್ ಕಾರು. ಸಪಾಟು ರಸ್ತೆಯಲ್ಲಿ ಮರ್ಯಾದೆಯಿಂದ ಓಡುತ್ತಿತ್ತು. ಏರಿನ ಬುಡಕ್ಕೆ ಬಂದು ಫಸ್ಟ್ ಗೇರಿಗೆ ಹಾಕಿದ ಮೇಲೆ ಅದರ ವೇಗ ಸೊಪ್ಪಿನ ಹೊರೆ ಹೊತ್ತು ಹತ್ತುವ ಹೆಂಗಸಿನ ವೇಗಕ್ಕಿಂತ ಹೆಚ್ಚಿರಲಿಲ್ಲ.

ನಮ್ಮ ಮನೆಯವರು ಸುಳ್ಯದಲ್ಲಿ ಡಾಕ್ಟರು. ನಾನು ಅವರ ಕಂಪೌಂಡರು. ಪರೀಕ್ಷೆ ಪಾಸು ಮಾಡದ, ಸಂಬಳವೂ ಇಲ್ಲದ ಕಂಪೌಂಡರು. ಮಿಕ್ಸ್ಚರ್ ಅಳೆದು ಬಾಟಲಿಗೆ ಹೊಯ್ಯುವುದು, ಮಾತ್ರೆ ಕಾಗದದಲ್ಲಿ ಕಟ್ಟಿ ಕೊಡುವುದು, ಕೊಟ್ಟದ್ದನ್ನು ನುಂಗದವರಿಗೆ ಬೈಯುವುದು, ಇವು ನನ್ನ ಕೆಲಸ. ಮೂರನೆಯದನ್ನು ನಾನು ಬಹಳ ಚೆನ್ನಾಗಿ ಮಾಡುತ್ತಿದ್ದೆ ಎಂದು ಹೇಳುತ್ತಾರೆ. ಗುರುವಾರ ಗುರುವಾರ ಇವರು ಮರ್ಕಂಜದ ಒಂದು ಅಂಗಡಿಯ ಜಗಲಿಯಲ್ಲಿ ರೋಗಿಗಳನ್ನು ನೋಡುವ ಕ್ರಮವಿತ್ತು. ಔಷಧಿ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು ನಾನು ಇವರ ಪಕ್ಕದಲ್ಲಿ ಕೂತು ಹೋಗುತ್ತಿದ್ದೆ.

ಆದರೆ ನಿಜವಾದ ಆಸ್ಪತ್ರೆ ಜಗಲಿಯದ್ದಲ್ಲ, ಆ ಏರಿನದ್ದು. ಜಗಲಿಯಲ್ಲಿ ರೋಗಿಗಳಷ್ಟೇ ಅಲ್ಲ, ಬೀಡಿ ಸೇದಲು ಬಂದವರು, ಉಪ್ಪು ಕೊಳ್ಳಲು ಬಂದವರು, ಸುಮ್ಮನೆ ಬಂದವರು ಎಲ್ಲರೂ ಕಿವಿ ನೆಟ್ಟಗೆ ಮಾಡಿ ಕೂತಿರುತ್ತಿದ್ದರು. ಅಷ್ಟು ಜನರ ಎದುರು ಯಾರು ತಾನೇ ಮೂಲವ್ಯಾಧಿಯ ಸುದ್ದಿ ಎತ್ತುತ್ತಾರೆ? ಹಾಗಾಗಿ ಬಾಯಿ ಬಿಟ್ಟು ಹೇಳಲಾಗದ ಕಾಯಿಲೆಯವರೆಲ್ಲ ಏರಿನ ಬುಡದಲ್ಲಿ ಕಾರಿಗೆ ಜೊತೆಯಾಗುತ್ತಿದ್ದರು. ಬಲಬದಿಯಲ್ಲಿ ಇವರ ಕಿಟಕಿಯ ಪಕ್ಕ ಗಂಡಸರು, ಎಡಬದಿಯಲ್ಲಿ ನನ್ನ ಕಿಟಕಿಯ ಪಕ್ಕ ಹೆಂಗಸರು. ಕಾರು ತೆವಳುತ್ತಿತ್ತು, ಅವರು ನಡೆಯುತ್ತಿದ್ದರು, ಮಾತು ಮುಗಿಯುತ್ತಿತ್ತು. ಒಬ್ಬರು ಹೇಳಿ ಹಿಂದೆ ಸರಿದರೆ ಇನ್ನೊಬ್ಬರು ಮುಂದೆ. ದೂರದಿಂದ ನೋಡಿದವರಿಗೆ ರಸ್ತೆಯಲ್ಲಿ ನಾಲ್ಕು ಜನ ತಮ್ಮ ಪಾಡಿಗೆ ಗುಡ್ಡೆ ಹತ್ತುತ್ತಿದ್ದಾರೆ, ಮಧ್ಯೆ ಒಂದು ಕಾರು ಸಹ ಹತ್ತುತ್ತಿದೆ, ಅಷ್ಟೆ. ಯಾರು ಡಾಕ್ಟರಿಗೆ ಎಂತ ಹೇಳಿದರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಏರ್ಪಾಟನ್ನು ಯಾರೂ ಕೂತು ಮಾಡಿದ್ದಲ್ಲ. ಇಂಜಿನಿನ ಬಡತನದಿಂದ ತಾನಾಗಿ ಹುಟ್ಟಿಕೊಂಡದ್ದು.

ನನ್ನ ಬದಿಯವರಲ್ಲಿ ಒಬ್ಬಳು ಸೊಸೆ ಇದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬದವಳು. ಏರಿನ ಆಚೆಯ ತುಳು ಮಾತಾಡುವ ಒಂದು ಮನೆ. ಸ್ವಲ್ಪ ಗದ್ದೆ, ಸ್ವಲ್ಪ ಅಡಿಕೆ ತೋಟ, ಹಟ್ಟಿ ತುಂಬ ದನ. ಗುರುವಾರ ಹಟ್ಟಿಗೆ ಹಾಕುವ ಸೊಪ್ಪು ಕಡಿದು ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಅವಳು ನಮ್ಮ ಕಾರಿನ ಜೊತೆ ನಡೆಯುತ್ತಿದ್ದಳು. ಮೊದಲ ಸಲ ನನ್ನ ಹತ್ತಿರ ಮಾತಾಡಲು ಅವಳಿಗೆ ಇಡೀ ಏರು ಸಾಲಲಿಲ್ಲ. ಎರಡನೆಯ ವಾರ ಹೇಳಿದಳು. ಹುಡುಗಿಯಾಗಿದ್ದಾಗಿನಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ತವರಿನವರು ಅದನ್ನು ಮುಚ್ಚಿಟ್ಟು ಮದುವೆ ಮಾಡಿದ್ದರು. ಗಂಡನ ಮನೆಯವರಿಗೆ ತಿಳಿದರೆ ಸೀರೆಯ ಗಂಟು ಕೊಟ್ಟು ತವರಿಗೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ ಅವಳ ಕಣ್ಣಲ್ಲೇ ಕಾಣುತ್ತಿತ್ತು. ಹೆದರಿಕೆ ಸುಳ್ಳಲ್ಲ. ಆ ಕಾಲದಲ್ಲಿ ಹಾಗೆ ಕಳಿಸಿದ ಮನೆಗಳು ನನಗೇ ಗೊತ್ತಿದ್ದವು.

ಇವರು ಅವಳಿಗೆ ಸಣ್ಣ ಬಿಳಿ ಮಾತ್ರೆ ಕೊಟ್ಟರು. ನಾನು ಕಿಟಕಿಯಿಂದ ಪೊಟ್ಟಣ ಕೊಡುವಾಗ ಇವರು ಸ್ಟಿಯರಿಂಗ್ ಹಿಡಿದುಕೊಂಡೇ ಬಗ್ಗಿ, "ಒಂದು ದಿನ ಸಹ ತಪ್ಪಿಸ್ಲಿಕ್ಕಿಲ್ಲ ಮಗಾ. ಒಮ್ಮೆಲೇ ನಿಲ್ಸಿದ್ರೆ ಮೊದಲಿಗಿಂತ ಜೋರಾಗಿ ಬರ್ತದೆ" ಎಂದು ಪ್ರತಿ ಸಲ ಹೇಳುತ್ತಿದ್ದರು. ಒಂದು ತಿಂಗಳದ್ದು ಒಟ್ಟಿಗೆ ಕೊಡುತ್ತೇನೆಂದರೆ ಅವಳು ಒಪ್ಪಲಿಲ್ಲ. ಆ ಮನೆಯಲ್ಲಿ ಅವಳದ್ದೆಂದು ಬೀಗ ಹಾಕುವ ಪೆಟ್ಟಿಗೆ ಇರಲಿಲ್ಲ. ಸೆರಗಿನ ತುದಿಯ ಗಂಟಿನಲ್ಲಿ ಅಡಗುವಷ್ಟೇ ಅವಳಿಗೆ ಬೇಕಾದದ್ದು. ಮಾತ್ರೆ ಹಿಡಿಯಿತು. ಫಿಟ್ಸ್ ನಿಂತಿತು. ಅವಳ ಮುಖ ತುಂಬಿಕೊಂಡಿತು, ನಾನು ಬೈದರೆ ನಗುವಷ್ಟು ಸಲಿಗೆಯೂ ಬಂತು.

ಇಷ್ಟೆಲ್ಲ ಸರಿಯಿದ್ದ ಮೇಲೆ ಕಾರನ್ನು ಯಾಕೆ ಮುಟ್ಟಬೇಕಿತ್ತು ಎಂದು ಕೇಳಬಹುದು. ಮುಟ್ಟಲು ಕಾರಣವಿತ್ತು. ಆ ವರ್ಷ ಮಳೆ ಮುಗಿದ ಹೊಸತರಲ್ಲಿ ಏರಿನ ಕೆಳಗೆ ತಗ್ಗಿನಲ್ಲಿ ಗದ್ದೆಗಳಿರುವ ಬೈಲಿನಿಂದ ಒಬ್ಬ ಬಾಣಂತಿಯನ್ನು, ಬಾಣಂತಿ ಎಂದೆ, ಇನ್ನೂ ಹೆರಿಗೆಯಾಗದವಳನ್ನು, ನಮ್ಮ ಕಾರಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮಗು ಅಡ್ಡ ಬಂದಿತ್ತು. ಆ ಬೈಲಿನಿಂದ ಮೇಲಿನ ರಸ್ತೆಗೆ ಬರುವ ದಾರಿ ಇನ್ನೂ ಕೆಟ್ಟದು. ಅವಳು, ಅವಳ ಅಮ್ಮ, ಗಂಡ, ಇವರು, ನಾನು. ಇಷ್ಟು ಭಾರಕ್ಕೆ ಕಾರು ಹತ್ತುವುದೇ ಇಲ್ಲ ಎಂದು ಕೂತಿತು. ಗಂಡನೂ ನಾನೂ ಇಳಿದೆವು, ದೂಡಿದೆವು, ಚಕ್ರದ ಹಿಂದೆ ಕಲ್ಲು ಕೊಟ್ಟೆವು, ನೀರು ಕುದಿದಾಗ ಕಾದೆವು. ಅಂತೂ ಪುತ್ತೂರಿಗೆ ಮುಟ್ಟಿದೆವು, ತಾಯಿ ಉಳಿದಳು. ಮಗು ಉಳಿಯಲಿಲ್ಲ. ಸ್ವಲ್ಪ ಮೊದಲು ಬಂದಿದ್ದರೆ ಎಂದು ಅಲ್ಲಿಯ ಡಾಕ್ಟರು ಮೆಲ್ಲಗೆ ಹೇಳಿದರು. ಆ ಮಾತು ಇವರಿಗೆ ನಾಟಿತು. ಎಷ್ಟೋ ದಿನ ಊಟಕ್ಕೆ ಕೂತವರು ಅನ್ನ ಕಲಸಿಕೊಂಡು ಹಾಗೆಯೇ ಕೂತಿರುತ್ತಿದ್ದರು.

ಆ ಹೊತ್ತಿಗೆ ಕಡಬದ ಕಡೆಯ ತೋಟದ ಯಜಮಾನರೊಬ್ಬರು ರಕ್ತದೊತ್ತಡಕ್ಕೆ ಔಷಧಿ ಕೇಳಿಕೊಂಡು ಬಂದರು. ಅವರ ಕಾರೂ ನಮ್ಮದರ ಜಾತಿಯದ್ದೇ, ಆದರೆ ಬಾಗಿಲಲ್ಲಿ ನಿಂತಾಗಲೇ ಅದರ ಉಸಿರು ಬೇರೆಯಾಗಿತ್ತು, ಗುಡುಗುಡು ಎಂದು ಮೈಯೆಲ್ಲ ಅಲುಗಿಸುತ್ತಿತ್ತು. ನಾನು ಮಿಕ್ಸ್ಚರ್ ಅಳೆಯುವುದನ್ನು ಬಿಟ್ಟು ಹೊರಗೆ ಹೋದೆ. ಸಣ್ಣವಳಿದ್ದಾಗ ಅಪ್ಪನ ಗೋಡೆ ಗಡಿಯಾರ ಬಿಚ್ಚಿ ಪೆಟ್ಟು ತಿಂದವಳು ನಾನು; ಯಂತ್ರದ ಒಳಗೆ ಏನಾಗುತ್ತದೆ ಎಂಬ ಕುತೂಹಲ ಆ ಪೆಟ್ಟಿನಿಂದ ಹೋಗಿರಲಿಲ್ಲ.

"ಇಂಜಿನ್ ಬಿಚ್ಚಿಸಿ ಸ್ವಲ್ಪ ಕೆಲಸ ಮಾಡ್ಸಿದ್ದೇನೆ" ಎಂದರು ಯಜಮಾನರು. "ಈಗ ಗುಂಡ್ಯದ ಏರು ಸಹ ಥರ್ಡ್ ಗೇರಿನಲ್ಲಿ ಹೋಗ್ತದೆ. ಕೂತ್ಕೊಳ್ಳಿ ಡಾಕ್ಟ್ರೆ, ಒಂದು ರೌಂಡ್ ಹೋಗಿ ಬರುವ."

ಇವರು ಹೋಗಿ ಬಂದರು. ಇಳಿಯುವಾಗ ಇವರ ಮುಖದಲ್ಲಿ ಹಬ್ಬದ ದಿನ ಹೋಳಿಗೆ ಕಂಡವನ ಕಳೆ ಇತ್ತು. ನನ್ನನ್ನೂ ಕೂರಿಸಿ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಆಮೇಲೆ ಮನೆಯಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಇವರು ದುಡುಕಿನ ಮನುಷ್ಯರಲ್ಲ. ಔಷಧಿ ಬರೆಯುವ ಮೊದಲು ಅದರಿಂದ ಆಗುವ ಕೆಟ್ಟದ್ದನ್ನು ಯೋಚಿಸುವ ಅಭ್ಯಾಸವನ್ನೇ ಕಾರಿಗೂ ಹಚ್ಚಿದರು. ಇಂಜಿನಿನ ಮುಚ್ಚಳವನ್ನು, ಹೆಡ್ ಎನ್ನುತ್ತಾರೆ ಅದಕ್ಕೆ, ಅಡಿಯಿಂದ ಸ್ವಲ್ಪ ಸವೆಸಿದರೆ ಒಳಗಿನ ಜಾಗ ಕಿರಿದಾಗುತ್ತದೆ. ಪೆಟ್ರೋಲಿನ ಆವಿ ಇನ್ನಷ್ಟು ಒತ್ತಿಕೊಂಡು ಉರಿಯುತ್ತದೆ, ಬಲ ಹೆಚ್ಚುತ್ತದೆ. ಒಳ್ಳೆಯದು. ಆದರೆ ಒತ್ತಡ ಹೆಚ್ಚಾದರೆ ಬಿಸಿಯೂ ಹೆಚ್ಚು, ಹೆಡ್ಡಿನ ಅಡಿಗೆ ಹಾಕುವ ತೆಳು ಹಾಳೆ, ಗ್ಯಾಸ್ಕೆಟ್, ಸುಟ್ಟು ಹೋಗಬಹುದು. ನಮ್ಮಲ್ಲಿ ಸಿಗುವ ಪೆಟ್ರೋಲು ಆ ಒತ್ತಡ ತಾಳದೆ ಇಂಜಿನಿನ ಒಳಗೆ ಟಕಟಕ ಎಂದು ಬಡಿಯಬಹುದು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವ ಬಾಡಿಗೆ ಕಾರಿನವರ ಚಾಳಿಯನ್ನು ಕನಸಿನಲ್ಲೂ ಮಾಡುವಂತಿಲ್ಲ. ಕಾರು ಜೋರಾಗಿ ಓಡುವುದಾದರೆ ನಿಲ್ಲಿಸಲು ಬ್ರೇಕ್ ಬೇಕು, ನಮ್ಮ ಬ್ರೇಕೋ ದೇವರಿಗೇ ಪ್ರೀತಿ.

"ಹಾಗಾದ್ರೆ ಬ್ರೇಕ್ ಮೊದಲು ಸರಿ ಮಾಡ್ಸಿ" ಎಂದೆ ನಾನು.

"ಅದನ್ನೇ ನಾನು ಸಹ ಹೇಳುದು ಮಾರಾಯ್ತಿ."

"ರಸ್ತೆಯಲ್ಲಿ ಕೆಟ್ಟು ನಿಂತ್ರೆ? ಈಗಾದ್ರೆ ಯಾರಾದ್ರೂ ದೂಡ್ತಾರೆ, ಇದರ ಕಾಯಿಲೆ ಎಲ್ಲರಿಗೂ ಗೊತ್ತುಂಟು. ಆಮೇಲೆ ಇದರ ಒಳಗೆ ಎಂತ ಉಂಟು ಅಂತ ಕೆಲಸ ಮಾಡಿದ ಪುತ್ತೂರಿನ ಮೆಕ್ಯಾನಿಕ್‌ಗೆ ಮಾತ್ರ ಗೊತ್ತಿರುದು."

ಅದಕ್ಕೆ ಇವರು ತಲೆಯಾಡಿಸಿದರು. ಒಳ್ಳೆಯ ಪ್ರಶ್ನೆ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಹೀಗೆ ಪೆಟ್ರೋಲು, ಬಿಸಿ, ಬ್ರೇಕು, ಟಯರು ಎಲ್ಲವನ್ನೂ ತೂಗಿ ನೋಡಿದೆವು. ಕೊನೆಗೆ ಎಲ್ಲ ತೂಕದ ಎದುರು ಪುತ್ತೂರಿನ ಆ ಡಾಕ್ಟರು ಹೇಳಿದ "ಸ್ವಲ್ಪ ಮೊದಲು" ಎಂಬ ಮಾತೇ ಭಾರವಾಯಿತು.

ಪುತ್ತೂರಿನ ಮೆಕ್ಯಾನಿಕ್ ಮದ್ರಾಸಿನಲ್ಲಿ ಓಟದ ಕಾರುಗಳ ಕೆಲಸ ಮಾಡಿ ಬಂದವನು. ನಾನು ಪ್ರಶ್ನೆ ಕೇಳಿದರೆ ಉತ್ತರವನ್ನು ಇವರ ಮುಖ ನೋಡಿ ಹೇಳುತ್ತಿದ್ದ. ವಾಲ್ವ್ ತೆರೆಯುವ ಶಾಫ್ಟನ್ನು ಯಾಕೆ ಬದಲಿಸುವುದು ಎಂದು ನಾನು ಕೇಳಿದೆ.

"ಡಾಕ್ಟ್ರೆ, ಈ ಶಾಫ್ಟ್ ಹಾಕಿದ್ರೆ ಇಂಜಿನ್ ಹೆಚ್ಚು ಉಸಿರು ತಕೊಳ್ತದೆ" ಎಂದ.

"ನಿಧಾನ ಹೋಗ್ಬೇಕಾದ್ರೆ?" ಎಂದೆ ನಾನು.

"ಡಾಕ್ಟ್ರೆ, ಫಸ್ಟ್ ಗೇರ್ ಎಲ್ಲಿಗೂ ಹೋಗುದಿಲ್ಲ, ಅಲ್ಲೇ ಇರ್ತದೆ" ಎಂದು ನಕ್ಕ.

ನಾವೂ ನಕ್ಕೆವು. ಫಸ್ಟ್ ಗೇರಿಗೆ ಹಾಕಿದರೆ ಕಾರು ನಡೆಯುತ್ತದೆ ಎಂದು ನಾವು ಮೂವರೂ ನಂಬಿದ್ದೆವು. ಅವನು ಓಟದ ಕಾರುಗಳನ್ನು ಕಂಡವನು. ರೋಗಿಗಳ ಜೊತೆ ನಡೆಯುವ ಕಾರನ್ನು ಅವನೆಲ್ಲಿ ಕಾಣಬೇಕು?

ಕಾರು ತರಲು ಪುತ್ತೂರಿಗೆ ಹೋದ ದಿನ ನಾನು ಹಟ ಹಿಡಿದು ಜೊತೆಗೆ ಹೋದೆ. ಬರುವಾಗ ಕುಂಬ್ರ ದಾಟುವವರೆಗೆ ಇವರು ಹೆದರಿ ಹೆದರಿ ಬಿಟ್ಟರು. ಅಲ್ಲಿಂದ ಮುಂದೆ ರಸ್ತೆ ತೆರವಾಗಿತ್ತು. ಇವರು ಕಾಲು ಒತ್ತಿದರು. ಆಗ ಬೆನ್ನು ಸೀಟಿಗೆ ಹೋಗಿ ಅಂಟಿಕೊಂಡ ಅನುಭವವನ್ನು ನಾನು ಮರೆತಿಲ್ಲ. ಹೊಟ್ಟೆಯ ಒಳಗೆ ಏನೋ ಎದ್ದು ನಿಂತ ಹಾಗೆ. ನನಗೆ ಹೆದರಿಕೆಯಾಗಬೇಕಿತ್ತು, ಖುಷಿಯಾಯಿತು. "ಇನ್ನೊಮ್ಮೆ" ಎಂದೆ. ಇಬ್ಬರೂ ಮಕ್ಕಳ ಹಾಗೆ ಸುಳ್ಯದವರೆಗೆ ನಗುತ್ತ ಬಂದೆವು. ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ಮುಖದ ತುಂಬ ಕೆಂಪು ಧೂಳು.

ಗುರುವಾರ ಬಂತು. ಏರಿನ ಬುಡದಲ್ಲಿ ಎಂದಿನಂತೆ ಜನ ಇದ್ದರು. ಸೊಪ್ಪಿನ ಹೊರೆಯವಳೂ ಇದ್ದಳು. ಇವರು ಫಸ್ಟ್ ಗೇರಿಗೆ ಹಾಕಿ ಮೆಲ್ಲಗೆ ಬಿಟ್ಟರು. ಕಾರು ಒಂದು ಸಲ ಮುಗ್ಗರಿಸಿತು, ಮತ್ತೊಂದು ಸಲ ಕುಪ್ಪಳಿಸಿತು, ಟಕಟಕ ಬಡಿಯಿತು, ಸತ್ತಿತು. ಸರಿ ಮಾಡಿಸಿದ್ದು ಕಾಲಿನ ಬ್ರೇಕ್; ಹ್ಯಾಂಡ್ ಬ್ರೇಕಿಗೆ ಆ ಏರಿನಲ್ಲಿ ಕಾರನ್ನು ಹಿಡಿಯುವ ತಾಕತ್ತು ಇರಲಿಲ್ಲ, ಹಿಂದಕ್ಕೆ ಜಾರತೊಡಗಿತು. ಬದಿಯಲ್ಲಿದ್ದವರು ಓಡಿ ಕಲ್ಲು ಕೊಟ್ಟರು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಅದೇ ಕುಪ್ಪಳಿಕೆ. ಮೂರನೆಯ ಸಲ ಇವರಿಗೆ ಗೊತ್ತಾಯಿತು: ಈ ಇಂಜಿನಿಗೆ ಓಡಲು ಬರುತ್ತದೆ, ನಿಲ್ಲಲು ಬರುತ್ತದೆ, ನಡೆಯಲು ಬರುವುದಿಲ್ಲ. ಕಾಲು ಒತ್ತಿದರು. ಕಾರು ಕಲ್ಲು ಹಾರಿಸಿಕೊಂಡು ಏರಿಗೆ ನುಗ್ಗಿತು.

ನನ್ನ ಕೈಯಲ್ಲಿ ಅವಳ ಪೊಟ್ಟಣ ಇತ್ತು. ಅವಳು ಒಂದು ಕೈಯಲ್ಲಿ ಹೊರೆ ಹಿಡಿದುಕೊಂಡು ಇನ್ನೊಂದು ಕೈ ಚಾಚಿ ನಾಲ್ಕು ಹೆಜ್ಜೆ ಓಡಿದಳು. ನಾನು ಕೊಟ್ಟೆ, ಅವಳಿಗೆ ಸಿಗಲಿಲ್ಲ. ಪೊಟ್ಟಣ ಧೂಳಿಗೆ ಬಿದ್ದದ್ದನ್ನು ಕಂಡೆ. ತಲೆಯ ಮೇಲೆ ಹೊರೆ ಇದ್ದವಳು ಬಗ್ಗುವ ಹಾಗಿಲ್ಲ, ಬಗ್ಗಿದರೆ ಎಂತ ಬಿತ್ತು ಎಂದು ಕೇಳುವ ಬಾಯಿಗಳು ಹಿಂದೆಯೇ ಇದ್ದವು. ಅರ್ಧ ಗಂಟೆಯ ಮೇಲೆ ಮರ್ಕಂಜದ ಜಗಲಿಯಲ್ಲಿ ಒಬ್ಬರು ಬಹಳ ವಿನಯದಿಂದ ಆ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. "ಅಮ್ಮ, ನಿಮ್ಮದು ದಾರಿಯಲ್ಲಿ ಬಿದ್ದಿತ್ತು." ಅವರಿಗೆ ನಾನು ಒಳ್ಳೆಯ ಮಾತಿನಲ್ಲಿ ಉಪಕಾರ ಹೇಳಬೇಕಾಯಿತು.

ಮುಂದಿನ ಗುರುವಾರ ಇವರು ಉಪಾಯ ಮಾಡಿ ಏರು ಶುರುವಾಗುವ ಮೊದಲೇ ಕಾರು ನಿಲ್ಲಿಸಿದರು. ನಿಂತ ಕಾರಿಗೆ ಜನ ಮುತ್ತಿಕೊಂಡರು. ಕೆಲಸವಿಲ್ಲದವರೂ ಬಂದು ಹೊಸ ಇಂಜಿನ್ ತೋರಿಸಿ ಎಂದು ಬಾನೆಟ್ ಸುತ್ತ ನಿಂತರು. ಅದು ಮತ್ತೊಂದು ಜಗಲಿಯಾಯಿತು. ಅವಳು ಹೊರೆ ಹೊತ್ತು ಬಂದಳು, ಗುಂಪನ್ನು ನೋಡಿದಳು, ನಮ್ಮ ಪರಿಚಯವೇ ಇಲ್ಲದವಳಂತೆ ಮುಂದೆ ಹೋದಳು. ನನ್ನ ಬದಿಯ ಬೇರೆ ಹೆಂಗಸರೂ ಹಾಗೆಯೇ ಹೋದರು. ಅವಳ ಸೆರಗಿನ ಗಂಟಿನಲ್ಲಿ ಎಷ್ಟು ಮಾತ್ರೆ ಉಳಿದಿರಬಹುದು ಎಂದು ಯೋಚಿಸಿ ನನಗೆ ತಲೆ ಚಿಟ್ಟು ಹಿಡಿಯಿತು. ಮನೆಗೆ ಬಂದು ಇವರ ಮೇಲೆ ಕೂಗಾಡಿದೆ. ಇವರೂ ಕೂಗಿದರು. ಮೆಕ್ಯಾನಿಕ್‌ಗೆ ಹೇಳಿ ಮೊದಲಿನ ಹಾಗೆ ಮಾಡಿಸಿ ಎಂದೆ. ಮಾಡಿಸುತ್ತೇನೆ ಎಂದರು.

ಆದರೆ ಅದೇ ವಾರ ಆ ಕೆಳಗಿನ ಬೈಲಿನಿಂದಲೇ ಇನ್ನೊಂದು ಹೆರಿಗೆಯ ಕರೆ ಬಂತು. ಅದೇ ದಾರಿ, ಅಷ್ಟೇ ಭಾರ. ಕಾರು ಯಾರನ್ನೂ ಇಳಿಸದೆ, ಒಂದು ಕಲ್ಲನ್ನೂ ಕೇಳದೆ ಹತ್ತಿತು. ಹಿಂದಿನ ಸೀಟಿನಲ್ಲಿ ಆ ಹೆಂಗಸಿನ ತಲೆ ನನ್ನ ತೊಡೆಯ ಮೇಲಿತ್ತು. ಪುತ್ತೂರು ಇಷ್ಟು ಹತ್ತಿರ ಇದೆಯೆಂದು ನನಗೆ ಆ ದಿನ ಗೊತ್ತಾಯಿತು. ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದಾಗ ಒಳಗಿನಿಂದ ಮಗುವಿನ ಅಳು ಕೇಳಿತು. ಇವರು ಎದ್ದು ಹೊರಗೆ ಹೋಗಿ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಬಿಸಿ ಇತ್ತೇನೋ, ತಕ್ಷಣ ಕೈ ತೆಗೆದರು, ಮತ್ತೆ ಇಟ್ಟರು. ಇನ್ನು ಮೊದಲಿನ ಹಾಗೆ ಮಾಡಿಸಿ ಎಂದು ಯಾವ ಬಾಯಿಯಿಂದ ಹೇಳುವುದು?

ಬುಧವಾರ ಬೆಳಿಗ್ಗೆ ನಮ್ಮ ಮನೆಗೆ ಒಬ್ಬರು ವಯಸ್ಸಾದ ಹೆಂಗಸು ಬಂದರು. ಏರಿನ ಆಚೆಯಿಂದ ಸುಳ್ಯದವರೆಗೆ ನಡೆದೇ ಬಂದಿದ್ದರು. ಜಗಲಿಯಲ್ಲಿ ಕೂತು, ನಾನು ಕೊಟ್ಟ ಬೆಲ್ಲ ನೀರು ಕುಡಿದು, ಯಾವ ಕಾಯಿಲೆಯನ್ನೂ ಹೇಳದೆ ಅಂಗಳದಲ್ಲಿದ್ದ ಕಾರನ್ನು ನೋಡುತ್ತ ಕೂತರು. ಅವರು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಡಾಕ್ಟ್ರೆ, ನಿಮ್ಮ ಕಾರು ಮೊದಲಿನ ಹಾಗೆ ನಿಧಾನ ಹೋಗ್ಲಿಕ್ಕುಂಟಾ?"

"ಎಂತಕ್ಕೆ ಅಮ್ಮಾ?" ಎಂದರು ಇವರು.

"ಈ ಓಟದಲ್ಲಿ ನನ್ನ ಸೊಸೆಗೆ ಮದ್ದು ಸಿಗುದಿಲ್ಲ."

ಯಾವ ಸೊಸೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಇವರು ಗಂಟಲು ಸರಿಮಾಡಿಕೊಂಡು, "ನಿಮಗೆ ಯಾರು ಹೇಳಿದ್ದು?" ಎಂದರು.

"ಯಾರೂ ಹೇಳ್ಲಿಲ್ಲ. ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ನಾನು ನೋಡಿದ್ದೇನೆ. ಬಾವಿಕಟ್ಟೆಯ ಹತ್ತಿರ ಬಿದ್ದಿದ್ಳು. ಆಮೇಲೆ ಗುರುವಾರ ಸೊಪ್ಪಿಗೆ ಹೋಗಿ ಬಂದವಳ ಸೆರಗಿನಲ್ಲಿ ಗಂಟು ನೋಡಿದೆ. ಬೀಳುದು ನಿಂತಿತು. ನನಗೆ ಅಷ್ಟು ಸಾಕಾಯ್ತು." ಅವರು ಲೋಟವನ್ನು ಕೆಳಗಿಟ್ಟರು. "ಮೊನ್ನೆ ಹಟ್ಟಿಯಲ್ಲಿ ಪುನಃ ಬಿದ್ದಳು. ಜೋರಾಗಿ. ಪುಣ್ಯಕ್ಕೆ ನಾನೇ ಇದ್ದದ್ದು, ಬೇರೆ ಯಾರೂ ನೋಡ್ಲಿಲ್ಲ. ಮಗ್ಗುಲಿಗೆ ತಿರುಗಿಸಿ ಮಲಗಿಸಿದೆ. ಉಸಿರು ಸರಿ ಆಗುವವರೆಗೆ ತಲೆ ಹಿಡ್ಕೊಂಡು ಕೂತೆ. ಕಣ್ಣು ಬಿಡ್ತಾಳೆ ಅಂತ ಆಗುವಾಗ ಎದ್ದು ಆಚೆ ಹೋದೆ. ಯಾರೂ ನೋಡ್ಲಿಲ್ಲ ಅಂತ ಅವಳು ಗ್ರಹಿಸಿದ್ದಾಳೆ."

ಇವರು ನನ್ನ ಕಡೆ ನೋಡಿದರು. ನಾನು ಒಳಗೆ ಹೋಗಿ ಮಾತ್ರೆ ತಂದು, "ತಕೊಳ್ಳಿ ಅಮ್ಮ, ನೀವೇ ಕೊಡಿ ಅವಳಿಗೆ. ಹೇಗೂ ನಿಮಗೆ ಗೊತ್ತುಂಟಲ್ಲ" ಎಂದೆ.

ಅವರು ಕೈ ಹಿಂದಕ್ಕೆಳೆದುಕೊಂಡರು. ನಾನು ದಡ್ಡತನದ ಮಾತಾಡಿದೆ ಎಂಬಂತೆ ನನ್ನನ್ನು ನೋಡಿದರು.

"ನಾನು ಕೊಟ್ರೆ ನನಗೆ ಗೊತ್ತುಂಟು ಅಂತ ಆಗ್ತದಲ್ಲ! ಆಮೇಲೆ ಅವಳು ನನ್ನ ಎದುರು ತಲೆ ಎತ್ತಿ ನಡೀಲಿಕ್ಕಿಲ್ಲ. ನಾನು ಒಂದು ಮಾತು ಜೋರಾಗಿ ಹೇಳಿದ್ರೆ ಅದಕ್ಕೇ ಹೇಳಿದ್ದು ಅಂತ ಗ್ರಹಿಸ್ತಾಳೆ. ಬೈಯ್ಲಿಕ್ಕೆ ಸಹ ನನಗೆ ಹೆದರಿಕೆ ಆಗ್ತದೆ. ಬೈಯದ ಅತ್ತೆ ಎಂತ ಅತ್ತೆ? ಅವಳಿಗೆ ಗೊತ್ತಾಗ್ಬಾರ್ದು. ನನ್ನ ಮಗನಿಗೆ ಸಹ ಗೊತ್ತಾಗ್ಬಾರ್ದು. ನೀವು ಕಾರು ಒಂದು ಸರಿ ಮಾಡಿ, ಸಾಕು."

ಅಷ್ಟು ಹೇಳಿ ಎದ್ದರು. ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದು ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ಯಾರಾದರೂ ನೋಡಿದರೆ ಎಂದರು. ಅವರು ಗೇಟು ದಾಟಿದ ಮೇಲೆ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಯಾಕೆ ಅಳು ಬಂತೆಂದು ಆಗ ನನಗೇ ಸರಿಯಾಗಿ ತಿಳಿಯಲಿಲ್ಲ. ಅಲ್ಲಿಯವರೆಗೆ ಎಲ್ಲ ಅತ್ತೆಯಂದಿರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವಳು ನಾನು.

ಆ ದಿನ ಇವರು ಪುತ್ತೂರಿಗೆ ಹೋಗಿ ಮೆಕ್ಯಾನಿಕ್ ಹತ್ತಿರ ಕೇಳಿ ಬಂದರು. ಸವೆಸಿದ ಹೆಡ್ಡಿಗೆ ಮತ್ತೆ ಲೋಹ ಸೇರಿಸಲಾಗುವುದಿಲ್ಲ. ಗ್ಯಾಸ್ಕೆಟ್ ಎರಡು ಹಾಕಬಹುದು, ಹಳೆಯ ಶಾಫ್ಟ್ ಹಾಕಬಹುದು. ಆಗ ಕಾರು ನಡೆಯುತ್ತದೆ. ಆದರೆ ಬೈಲಿನಿಂದ ಐದು ಜನರನ್ನು ಹೊತ್ತು ಹತ್ತುವುದಿಲ್ಲ. ಎರಡೂ ಬೇಕೆಂದರೆ ಎರಡು ಕಾರು ಬೇಕು ಎಂದನಂತೆ. ಇವರು ಕುರ್ಚಿಯಲ್ಲಿ ಕೈ ಚೆಲ್ಲಿ ಕೂತರು. ವಾರಕ್ಕೊಮ್ಮೆ ಬರುವ ಅವಳೋ, ಯಾವಾಗ ಬರುತ್ತದೆಂದೇ ಗೊತ್ತಿಲ್ಲದ ಮಗುವೋ? ಇಂಥ ಪ್ರಶ್ನೆಗೆ ಯಾವ ಮೆಕ್ಯಾನಿಕ್ ಉತ್ತರ ಹೇಳುತ್ತಾನೆ?

"ನಡೀಲಿಕ್ಕೆ ಕಾರೇ ಯಾಕೆ ಬೇಕು?" ಎಂದೆ ನಾನು. "ನನಗೆ ಕಾಲಿಲ್ವಾ?"

ಮರುದಿನ ಏರಿನ ಬುಡದಲ್ಲಿ ಕಾರು ನಿಂತಿತು. ನಾನು ಬಾಗಿಲು ತೆರೆದು ಇಳಿದು, ಸುತ್ತಲಿನವರಿಗೆ ಕೇಳುವಷ್ಟು ಜೋರಾಗಿ, "ಇದರ ಈ ಕುಲುಕಾಟಕ್ಕೆ ನನ್ನ ಹೊಟ್ಟೆ ತೊಳಸ್ತದೆ. ನೀವು ಹೋಗಿ, ನಾನು ನಡೆದೇ ಬರ್ತೇನೆ" ಎಂದು ಇವರ ಮೇಲೆ ರೇಗಿದೆ. ನಾನು ರೇಗುವುದು ಯಾರಿಗೂ ಹೊಸತಲ್ಲವಾದ್ದರಿಂದ ಎಲ್ಲರೂ ನಂಬಿದರು. ಕಾರು ಗುಡುಗುತ್ತ ಮೇಲೆ ಹೋಯಿತು. ಹೆಂಗಸರು ಒಬ್ಬೊಬ್ಬರೇ ನನ್ನ ಜೊತೆಗೆ ಬಂದರು. ಕಿಟಕಿಯಲ್ಲಿ ತಲೆ ಹಾಕಿ ಹೇಳುವುದಕ್ಕಿಂತ ಹೀಗೆ ಜೊತೆ ಜೊತೆಯಲ್ಲಿ ನಡೆಯುತ್ತ ಹೇಳುವುದು ಅವರಿಗೆ ಸುಲಭವಾಯಿತು. ಕಾರಿನಲ್ಲಿ ಕೂತಿದ್ದಾಗ ಕೇಳದ ಎಷ್ಟೋ ಮಾತುಗಳನ್ನು ಆ ದಿನ ಕೇಳಿದೆ. ಗಂಡಸರು ಇವರನ್ನು ಏರಿನ ತುದಿಯಲ್ಲಿ ಹಿಡಿದರು. ಅಲ್ಲಿ ಕಾರು ಬಾನೆಟ್ ತೆರೆದು ನೀರಿನ ಬಿಸಿ ಇಳಿಯುವುದನ್ನು ಕಾಯುತ್ತ ನಿಂತಿರುತ್ತಿತ್ತು. ಮೊದಲು ಏರು ಹತ್ತಲು ಹಿಡಿಯುತ್ತಿದ್ದಷ್ಟೇ ಹೊತ್ತು ಈಗ ಅದು ತಣಿಯಲು ಹಿಡಿಯುತ್ತಿತ್ತು. ಮರ್ಕಂಜಕ್ಕೆ ನಾವು ಒಂದು ಕ್ಷಣವೂ ಬೇಗ ಮುಟ್ಟುತ್ತಿರಲಿಲ್ಲ. ಇದನ್ನು ನಾನು ಇವರಿಗೆ ಆಗಾಗ ನೆನಪಿಸುತ್ತಿದ್ದೆ.

ಆ ಮೊದಲ ದಿನ ಸೊಪ್ಪಿನ ಹೊರೆಯವಳು ಕೊನೆಗೆ ಬಂದಳು. ಮುಖ ಬಿಳುಚಿಕೊಂಡಿತ್ತು, ಹಣೆಯ ಒಂದು ಬದಿ ಊದಿತ್ತು. ಹಟ್ಟಿಯ ಬಾಗಿಲು ತಾಗಿತು ಎಂದಳು. ನಾನು ಪೊಟ್ಟಣವನ್ನು ಕೈಯಿಂದ ಕೈಗೆ ದಾಟಿಸಿದೆ. ಅವಳು ನಡೆಯುತ್ತಲೇ ಅದನ್ನು ಸೆರಗಿಗೆ ಕಟ್ಟಿದಳು. ಇಬ್ಬರೂ ಒಂದು ತಿರುವು ಹತ್ತಿದೆವು. ಅವಳ ಉಸಿರು ಸ್ವಲ್ಪ ಸರಿಯಾದ ಮೇಲೆ, ಇಷ್ಟು ದಿನ ಕಿಟಕಿಯ ಆಚೆಯಿಂದ ಹೇಳದಿದ್ದ ಮನೆಯ ಸುದ್ದಿ ಹೇಳತೊಡಗಿದಳು.

"ನನ್ನ ಅತ್ತೆಯ ಹಟ ಎಂತದ್ದು ಅಂತ ನಿಮಗೆ ಗೊತ್ತಿಲ್ಲ ಅಕ್ಕ" ಎಂದಳು. "ಮನೆಯ ಹಿಂದೆಯೇ ಬೇಕಾದಷ್ಟು ಸೊಪ್ಪುಂಟು. ಈ ಬೋಳು ಗುಡ್ಡೆಯಲ್ಲಿ ಒಂದು ಹೊರೆ ಆಗ್ಬೇಕಾದ್ರೆ ನನ್ನ ಕೈ ಬಿದ್ದು ಹೋಗ್ತದೆ. ಬೇರೆ ದಿನ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು, ಗುರುವಾರ ಮಾತ್ರ ಇಲ್ಲಿಗೇ ಹೋಗ್ಬೇಕು ಅಂತ ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕಳಿಸುದು. ಇವತ್ತು ತಲೆ ತಿರುಗ್ತದೆ ಅಂದ್ರೂ ಬಿಡ್ಲಿಲ್ಲ. ಎಂತ ಕಲ್ಲು ಮನಸ್ಸು ಅಂತ!"

ನಾನು ಅವಳ ಹೊರೆಯ ಒಂದು ತುದಿಯನ್ನು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದುಕೊಂಡೆ.

"ಅತ್ತೆ ಹೇಳಿದ ಹಾಗೆ ಮಾಡು" ಎಂದೆ. "ಒಂದು ಗುರುವಾರ ಸಹ ತಪ್ಪಿಸ್ಬೇಡ."